ಅಟ್ಟದ ಮೇಲಿನ ಗಿಟಾರೋ, ಅಂಗಡಿಯ ಹೊಸ ಗಿಟಾರೋ?

ಕಳೆದ ಫೆಬ್ರವರಿಯ ಒಂದು ಭಾನುವಾರ ಚಾಮರಾಜಪೇಟೆಯಿಂದ ತಾಯಿ–ಮಗಳು ಬಸವನಗುಡಿಯ ನಮ್ಮ ಮನೆಗೆ ಬಂದರು. ಹುಡುಗಿಗೆ ಹನ್ನೆರಡು ವರ್ಷ. ತಾಯಿಯ ಕೈಯಲ್ಲಿ ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ ಗಿಟಾರ್ ಇತ್ತು.

“ಇದು ನಮ್ಮ ಮಾವನೋರದ್ದು ಸರ್. ಇಪ್ಪತ್ತು ವರ್ಷದಿಂದ ಅಟ್ಟದ ಮೇಲೇ ಇತ್ತು. ಇವಳು ಹೊಸದೇ ಬೇಕು ಅಂತಾಳೆ. ಮನೇಲಿ ಒಂದು ಇಟ್ಕೊಂಡು ಹತ್ತು ಹನ್ನೆರಡು ಸಾವಿರ ಯಾಕೆ ಸುರೀಬೇಕು ಅಂತಾರೆ ನಮ್ಮನೆಯವರು. ನೀವೇ ಒಂದು ಹೇಳಿಬಿಡಿ.”

ಹುಡುಗಿ ಏನೂ ಮಾತಾಡಲಿಲ್ಲ. ಎಡಗೈ ಬೆರಳುಗಳ ತುದಿಯನ್ನು ಹೆಬ್ಬೆರಳಿನಿಂದ ಉಜ್ಜಿಕೊಳ್ಳುತ್ತಿದ್ದಳು. ಕೈ ತೋರಿಸಮ್ಮ ಅಂದೆ. ಮೂರು ಬೆರಳ ಮೇಲೂ ತಂತಿಯ ಗೆರೆ ಕೆಂಪಗೆ ಕೂತಿತ್ತು. ಒಂದು ವಾರದಿಂದ ಯಾರಿಗೂ ಹೇಳದೆ ಅಭ್ಯಾಸ ಮಾಡಿದ್ದಳು.

ಗಿಟಾರ್ ಹೇಳಿಕೊಡುತ್ತಾ ಇಷ್ಟು ವರ್ಷಗಳಲ್ಲಿ ನನಗೆ ಬಹಳ ನೋವು ಕೊಟ್ಟಿರುವ ಸಂಗತಿ ಇದೇ. ಮೂರು ತಿಂಗಳು ಕಲಿತು ಬಿಟ್ಟುಬಿಡುವ ಮಕ್ಕಳಲ್ಲಿ ಎಷ್ಟೋ ಜನ “ನನಗೆ ಬರಲ್ಲ” ಎಂದುಕೊಂಡೇ ಬಿಡುತ್ತಾರೆ. ಬಾರದಿದ್ದುದು ಅವರಿಗಲ್ಲ, ಆ ವಾದ್ಯಕ್ಕೆ. ಹಾಗಾಗಿ ಹೊಸದೋ ಹಳೆಯದೋ, ಆಮದೋ ನಮ್ಮ ದೇಶದ್ದೋ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಬ್ರ್ಯಾಂಡಿನ ಹೆಸರು ನೋಡುವುದಿಲ್ಲ. ತಂತಿ ಎಷ್ಟು ಎತ್ತರದಲ್ಲಿದೆ ಎಂದು ನೋಡುತ್ತೇನೆ.

ಈ ಪ್ರಶ್ನೆ ನಮ್ಮ ಹಳೇ ಬಡಾವಣೆಗಳಲ್ಲಿ ಹೆಚ್ಚಾಗಿ ಏಳುವುದಕ್ಕೆ ಕಾರಣವಿದೆ. ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಮನೆಗಳಲ್ಲಿ ಅಟ್ಟ ಇದೆ, ಅಟ್ಟದಲ್ಲಿ ಎಪ್ಪತ್ತು ಎಂಬತ್ತರ ದಶಕದ ಸಾಮಾನು ಇದೆ. ಬಸವನಗುಡಿಯ ಬೆಂಗಳೂರು ಗಣೇಶ ಉತ್ಸವ 1962ರಲ್ಲೇ ಆರಂಭವಾದದ್ದು. ಬೀದಿ ಬೀದಿಯ ಗಣಪತಿ ಪೆಂಡಾಲಿಗೂ ಒಂದು ಆರ್ಕೆಸ್ಟ್ರಾ, ಆರ್ಕೆಸ್ಟ್ರಾಗೆ ಒಬ್ಬ ಗಿಟಾರಿಸ್ಟ್ ಬೇಕೇ ಬೇಕಿತ್ತು. ಜಿ.ಕೆ. ವೆಂಕಟೇಶ್ ಅವರ ವಾದ್ಯವೃಂದದಲ್ಲಿ ಗಿಟಾರ್ ನುಡಿಸಿ, ಅವರಿಗೆ ಸಹಾಯಕರಾಗಿ ದುಡಿದ ಇಳಯರಾಜ ಅವರು 1981ರಲ್ಲಿ ಶಂಕರ್‌ನಾಗ್ ಅವರ ‘ಗೀತಾ’ ಚಿತ್ರಕ್ಕೆ ಸಂಗೀತ ಕೊಟ್ಟರು. ಅದಾದ ಮೇಲೆ ನಮ್ಮ ಬೀದಿಯ ಹುಡುಗರ ಕೈಗೆ ಗಿಟಾರ್ ಬಂದದ್ದನ್ನು ನಾನೇ ಕಂಡಿದ್ದೇನೆ. ಆಗ ಸಿಗುತ್ತಿದ್ದುದು ಬಹುಪಾಲು ಕಲ್ಕತ್ತದಲ್ಲಿ ತಯಾರಾದವು: ಗಿವ್ಸನ್, ಹಾಬ್ನರ್. ವಿದೇಶಿ ಗಿಟಾರ್ ಬೇಕೆಂದರೆ ಹೊರದೇಶದಲ್ಲಿ ನೆಂಟರಿರಬೇಕಿತ್ತು. ಆಮದಿನ ಮೇಲಿದ್ದ ಪ್ರಮಾಣ ನಿರ್ಬಂಧಗಳಲ್ಲಿ ಉಳಿದವನ್ನು ಸರ್ಕಾರ ತೆಗೆದದ್ದು 2001ರ ಏಪ್ರಿಲ್ 1ರಂದು. ಇಂಡೊನೇಷ್ಯಾ, ಚೀನಾಗಳ ಗಿಟಾರ್ ಮಧ್ಯಮ ವರ್ಗದ ಕೈಗೆಟುಕಿದ್ದು ಆಮೇಲಿನ ಮಾತು.

ಆ ಹಳೆಯ ಕಲ್ಕತ್ತ ಗಿಟಾರ್‌ಗಳ ಬಗ್ಗೆ ನನಗೆ ಗೌರವವಿದೆ. ನಮ್ಮೂರಿಗೆ ಗಿಟಾರ್ ಕಲಿಸಿದ್ದು ಅವೇ. ಆದರೆ ಅವು ಹೇಗಿದ್ದವು ಎಂಬುದನ್ನೂ ಹೇಳಬೇಕು. ಹೆಚ್ಚಿನವುಗಳ ಮೈ ಪ್ಲೈವುಡ್, ಮೇಲೆ ದಪ್ಪನೆಯ ಬಣ್ಣ. ಎಷ್ಟೋ ಗಿಟಾರ್‌ಗಳಲ್ಲಿ ತಂತಿಗಳು ಬ್ರಿಡ್ಜ್, ಎಂದರೆ ಮೈಯ ಮೇಲೆ ತಂತಿಗಳನ್ನು ಎತ್ತಿ ಹಿಡಿಯುವ ಕುದುರೆ, ದಾಟಿ ಮೈಯ ತುದಿಯ ಲೋಹದ ಪಟ್ಟಿಗೆ ಸಿಕ್ಕಿಸಿರುತ್ತವೆ, ಬ್ರಿಡ್ಜನ್ನು ಎತ್ತಲು ಇಳಿಸಲು ಎರಡು ಸ್ಕ್ರೂ ಇರುತ್ತವೆ. ಬಹಳಷ್ಟರಲ್ಲಿ ಇಲ್ಲದಿರುವುದು ಕತ್ತಿನೊಳಗಿನ ಟ್ರಸ್ ರಾಡ್. ಕತ್ತು ಬಾಗಿದರೆ ಹೊರಗಿನಿಂದ ಕೀಲಿ ತಿರುಗಿಸಿ ನೇರ ಮಾಡಿಕೊಳ್ಳುವ ಕಬ್ಬಿಣದ ಸರಳು ಅದು. ಈಗಿನ ಆಮದು ಗಿಟಾರ್‌ಗಳಲ್ಲಿ, ನೈಲಾನ್ ತಂತಿಯವನ್ನು ಬಿಟ್ಟರೆ, ಅದು ಇದ್ದೇ ಇರುತ್ತದೆ.

ಈ ಒಂದು ವ್ಯತ್ಯಾಸಕ್ಕೆ ಎಷ್ಟು ಬೆಲೆ ಎಂದು ತಿಳಿಯಲು ಲೆಕ್ಕ ನೋಡಿ. ಮೊದಲನೇ ತಂತಿ 0.012 ಇಂಚು ದಪ್ಪ ಇರುವ ಸ್ಟೀಲ್ ಸೆಟ್ ಹಾಕಿ ಶ್ರುತಿ ಮಾಡಿದರೆ ಆರೂ ತಂತಿಗಳು ಸೇರಿ ಕತ್ತನ್ನು 70 ಕಿಲೋಗೂ ಮಿಗಿಲಾದ ಬಲದಲ್ಲಿ ಎಳೆಯುತ್ತವೆ. ಒಬ್ಬ ದೊಡ್ಡ ಆಳು ಹಗಲೂ ರಾತ್ರಿ ಜೋತುಬಿದ್ದಂತೆ. ತಂತಿ ಸಡಿಲಿಸದೆ ಹೆಂಚಿನ ಕೆಳಗಿನ ಅಟ್ಟದಲ್ಲಿ, ಇಪ್ಪತ್ತು ಬೇಸಿಗೆಯ ಕಾವಿನಲ್ಲಿ ಇಟ್ಟಿದ್ದರೆ ಸರೇಸಿನ ಬೆಸುಗೆಯೂ ಮೆದುವಾಗುತ್ತದೆ, ಕತ್ತೂ ಬಾಗುತ್ತದೆ.

ಪರೀಕ್ಷೆ ಮನೆಯಲ್ಲೇ ಮಾಡಬಹುದು. ಗಿಟಾರನ್ನು ಶ್ರುತಿ ಮಾಡಿ. ಆರನೇ ತಂತಿಯನ್ನು, ಎಂದರೆ ದಪ್ಪದ್ದನ್ನು, ಒಂದು ಕೈಯಲ್ಲಿ ಮೊದಲನೇ ಫ್ರೆಟ್‌ನಲ್ಲೂ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿಯೇ ಫ್ರೆಟ್) ಇನ್ನೊಂದು ಕೈಯಲ್ಲಿ ಕತ್ತು ಮೈಗೆ ಸೇರುವ ಫ್ರೆಟ್‌ನಲ್ಲೂ ಒತ್ತಿ ಹಿಡಿಯಿರಿ. ಆಗ ತಂತಿಯೇ ನೇರವಾದ ಅಳತೆಗೋಲು. ಏಳನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ನುಸುಳುವಷ್ಟು ಸಂದು ಇದ್ದರೆ ಸರಿಯಾಗಿದೆ. ಅದಕ್ಕಿಂತ ಬಹಳ ಜಾಸ್ತಿ ಇದ್ದು ಟ್ರಸ್ ರಾಡ್ ಕೂಡ ಇಲ್ಲದಿದ್ದರೆ ಆ ಗಿಟಾರನ್ನು ದುಡ್ಡು ಕೊಟ್ಟು ಕೊಳ್ಳಬೇಡಿ. ಎಷ್ಟೇ ಅಗ್ಗವಾಗಿರಲಿ, ಬೇಡ.

ಎರಡನೆಯದು ನಾಣ್ಯದ ಪರೀಕ್ಷೆ. ಈಗಿನ ಚಿಕ್ಕ ಒಂದು ರೂಪಾಯಿ ನಾಣ್ಯದ ದಪ್ಪ ಹೆಚ್ಚುಕಡಿಮೆ ಒಂದೂವರೆ ಮಿಲಿಮೀಟರ್. 12ನೇ ಫ್ರೆಟ್ ಮೇಲೆ ನಾಣ್ಯ ಇಟ್ಟು ದಪ್ಪ ತಂತಿಯ ಕೆಳಗೆ ಹೋಗುತ್ತದೆಯೇ ನೋಡಿ. ಒಂದು ನಾಣ್ಯ ಆರಾಮಾಗಿ ಹೋಗಿ ಎರಡು ಸೇರಿಸಿದರೆ ತಂತಿಗೆ ತಾಗಬೇಕು. ಸ್ಟೀಲ್ ತಂತಿಯ ಗಿಟಾರ್‌ನಲ್ಲಿ ಅಲ್ಲಿ ಎರಡೂವರೆ ಮಿಲಿಮೀಟರ್ ಆಸುಪಾಸು ಎತ್ತರ ಇದ್ದರೆ ಕಲಿಯುವವರ ಕೈಗೆ ಹಿತ. ಎರಡು ನಾಣ್ಯ ಸಲೀಸಾಗಿ ಹೋದರೆ ಬೆರಳು ನೋಯುತ್ತದೆ. ಅಂದು ಬಂದ ಗಿಟಾರಿನಲ್ಲಿ ಮೂರು ನಾಣ್ಯ ಹೋಯಿತು. ಹುಡುಗಿ ಅದನ್ನು ನೋಡಿ ಅಮ್ಮನ ಮುಖ ನೋಡಿದಳು.

ಬ್ರಿಡ್ಜ್ ಇಳಿಸಿದರೆ ಆಯಿತಲ್ಲ ಎಂದು ತಾಯಿ ಕೇಳಿದರು. ಇಳಿಸಬಹುದು, ಆದರೆ 12ನೇ ಫ್ರೆಟ್‌ನಲ್ಲಿ ಒಂದು ಮಿಲಿಮೀಟರ್ ಕಡಿಮೆಯಾಗಬೇಕಾದರೆ ಬ್ರಿಡ್ಜ್ ಹತ್ತಿರ ಎರಡು ಮಿಲಿಮೀಟರ್ ಇಳಿಸಬೇಕು. ಇದರಲ್ಲಿ ಸ್ಕ್ರೂ ಆಗಲೇ ತಳ ಮುಟ್ಟಿತ್ತು. ಕತ್ತು ಮೈಗೆ ಸೇರುವ ಕೋನವೇ ಮುಂದಕ್ಕೆ ವಾಲಿತ್ತು. ಅದನ್ನು ಸರಿಪಡಿಸಲು ಕತ್ತು ಬಿಚ್ಚಿ ಮತ್ತೆ ಕೂರಿಸಬೇಕು. ಆ ಕೆಲಸದ ಕೂಲಿ ಆ ಗಿಟಾರಿನ ಬೆಲೆಯನ್ನೇ ಮೀರುತ್ತದೆ.

ಶ್ರುತಿಯ ಪರೀಕ್ಷೆ ನಮ್ಮ ಬಡಾವಣೆಯವರಿಗೆ ಸುಲಭ, ಏಕೆಂದರೆ ಮನೆಯಲ್ಲಿ ಶ್ರುತಿ ಪೆಟ್ಟಿಗೆಯೋ ಎಲೆಕ್ಟ್ರಾನಿಕ್ ತಂಬೂರಿಯೋ ಇರುತ್ತದೆ. ಐದನೇ ತಂತಿಯನ್ನು ‘ಎ’ ಶ್ರುತಿಗೆ ಸೇರಿಸಿ ಪೆಟ್ಟಿಗೆ ನುಡಿಯುತ್ತಿರಲಿ. ತಂತಿಯನ್ನು ಬಿಟ್ಟು ಮೀಟಿದರೆ ಷಡ್ಜ, ಏಳನೇ ಫ್ರೆಟ್‌ನಲ್ಲಿ ಒತ್ತಿದರೆ ಪಂಚಮ, 12ರಲ್ಲಿ ತಾರ ಷಡ್ಜ. ಸರಳೆ ವರಸೆ ಕಲಿತ ಮಗುವಿನ ಕಿವಿಗೆ ತಾರ ಷಡ್ಜ ಏರಿದೆಯೋ ಇಳಿದಿದೆಯೋ ತಕ್ಷಣ ಗೊತ್ತಾಗುತ್ತದೆ. ಗೊತ್ತಾಗುವುದೇ ಕಷ್ಟವೂ ಹೌದು: ಅಪಶ್ರುತಿಯ ವಾದ್ಯದ ಮುಂದೆ ಅಂಥ ಮಗು ಹೆಚ್ಚು ದಿನ ಕೂರುವುದಿಲ್ಲ. ಏರಿದ್ದರೆ ದರ್ಜಿಯ ಟೇಪು ತಂದು ಅಳೆಯಿರಿ. ನಟ್‌ನಿಂದ, ಎಂದರೆ ಬಿರಡೆಗಳ ಬಳಿ ತಂತಿ ಕೂರುವ ಪಟ್ಟಿಯಿಂದ, 12ನೇ ಫ್ರೆಟ್‌ಗೆ ಎಷ್ಟು ದೂರವೋ ಅಲ್ಲಿಂದ ಬ್ರಿಡ್ಜ್‌ಗೂ ಅಷ್ಟೇ ಇರಬೇಕು, ಒಂದೆರಡು ಮಿಲಿಮೀಟರ್ ಹೆಚ್ಚಿದ್ದರೆ ಇನ್ನೂ ಒಳ್ಳೆಯದು. ಅಂಟಿಸದೆ ಬರಿ ತಂತಿಯ ಒತ್ತಡದಲ್ಲಿ ನಿಲ್ಲುವ ಬ್ರಿಡ್ಜ್ ಆಗಿದ್ದರೆ ಎಷ್ಟೋ ಸಲ ಅದು ಜರುಗಿರುತ್ತದೆ ಅಷ್ಟೇ, ತಳ್ಳಿ ಸರಿ ಮಾಡಬಹುದು. ಸಣ್ಣ ಕೆಲಸ. ಇದಕ್ಕೆ ಹೆದರಿ ಒಳ್ಳೆಯ ಹಳೇ ಗಿಟಾರನ್ನು ಮಾರಿದವರನ್ನೂ ನೋಡಿದ್ದೇನೆ.

ಉಳಿದವು ಕಣ್ಣಿಗೆ ಕಾಣುವಂಥವು. ಅಂಟಿಸಿದ ಬ್ರಿಡ್ಜ್‌ನ ಹಿಂಬದಿಯಲ್ಲಿ ಕಾಗದದ ತುಂಡು ತೂರಿಸಿ ನೋಡಿ, ಒಳಗೆ ಹೋದರೆ ಬ್ರಿಡ್ಜ್ ಎದ್ದಿದೆ. ಅದರ ಸುತ್ತ ಬಿಳಿ ಅಂಟೋ ಎಪಾಕ್ಸಿಯೋ ಮೆತ್ತಿದ್ದರೆ ಹಿಂದೆ ಯಾರೋ ಮನೆಮದ್ದು ಮಾಡಿದ್ದಾರೆ, ಮುಂದಿನ ರಿಪೇರಿ ಕಷ್ಟ. ಗಿಟಾರನ್ನು ಬಿಳಿ ಹಾಳೆಯ ಮೇಲಿಟ್ಟು ಮೆಲ್ಲಗೆ ತಟ್ಟಿ. ಹಿಟ್ಟಿನಂಥ ಪುಡಿ ಉದುರಿದರೆ ಕುಟ್ಟೆ ಹಿಡಿದಿದೆ. ಅದನ್ನು ಮನೆಯ ಉಳಿದ ಮರದ ಸಾಮಾನಿನ ಹತ್ತಿರ, ಮುಖ್ಯವಾಗಿ ವೀಣೆಯ ಹತ್ತಿರ, ಇಡಬೇಡಿ.

ಇನ್ನು ಹೊಸ ಆಮದು ಗಿಟಾರ್. ಇಲ್ಲಿ ಜನ ಮೋಸ ಹೋಗುವುದು ‘ಹೊಸದಲ್ಲವೇ, ಸರಿಯಾಗೇ ಇರುತ್ತದೆ’ ಎಂಬ ನಂಬಿಕೆಯಿಂದ. ಕಾರ್ಖಾನೆಯಿಂದ ಬರುವ ಅಗ್ಗದ ಗಿಟಾರ್‌ಗಳಲ್ಲಿ ನಟ್‌ನ ಗಾಡಿಗಳನ್ನು, ಎಂದರೆ ತಂತಿ ಕೂರುವ ಸೀಳುಗಳನ್ನು, ಪೂರ್ತಿ ಕೊರೆದಿರುವುದಿಲ್ಲ. ಜಾಸ್ತಿ ಕೊರೆದರೆ ತಂತಿ ಝರ್ ಅನ್ನುತ್ತದೆ, ಕಡಿಮೆ ಕೊರೆದರೆ ದೂರು ಬರುವುದಿಲ್ಲ. ಫಲವಾಗಿ ಮೊದಲ ಎರಡು ಮೂರು ಫ್ರೆಟ್‌ನಲ್ಲಿ ತಂತಿ ಒತ್ತಲು ಇಲ್ಲದ ಬಲ ಬೇಕು. ಕಲಿಯುವವರು ಮೊದಲ ವರ್ಷ ಇರುವುದು ಅಲ್ಲೇ! ಮೂರನೇ ಫ್ರೆಟ್‌ನಲ್ಲಿ ತಂತಿ ಒತ್ತಿ ಹಿಡಿದು ಮೊದಲನೇ ಫ್ರೆಟ್ ಮೇಲೆ ನೋಡಿ: ತಂತಿಗೂ ಫ್ರೆಟ್‌ಗೂ ನಡುವೆ ಒಂದು ಹಾಳೆಯಷ್ಟೇ ಸಂದು ಇರಬೇಕು. ಹೆಚ್ಚಿದ್ದರೆ ಅಂಗಡಿಯಲ್ಲೇ ನಟ್ ಸವೆಸಿಕೊಡಲು ಕೇಳಿ. ಸೆಟಪ್ ಮಾಡದೆ ಡಬ್ಬ ಕೈಗಿಟ್ಟು ಕಳಿಸುವ ಅಂಗಡಿಯಲ್ಲಿ ನಾನು ಕೊಳ್ಳುವುದಿಲ್ಲ, ನೀವೂ ಕೊಳ್ಳಬೇಡಿ. ನನ್ನ ಒಬ್ಬ ವಿದ್ಯಾರ್ಥಿಗೆ ಕೊರಿಯರ್‌ನಲ್ಲಿ ಬಂದ ಹೊಚ್ಚ ಹೊಸ ಗಿಟಾರ್ ಬಿರಡೆ ಹಲಗೆಯ ಬುಡದಲ್ಲೇ ಸೀಳಿತ್ತು. ಬಣ್ಣದ ಕೆಳಗೆ ಕೂದಲೆಳೆಯ ಸೀಳು, ಮನೆಯವರಿಗೆ ಕಾಣಲಿಲ್ಲ. ತಂತಿ ಬಿಗಿಸಿದ ಮೂರನೇ ದಿನ ತುಂಡಾಯಿತು, ವಾಪಸ್ ಕೊಡುವ ಅವಧಿ ಮುಗಿದಿತ್ತು.

ಹಾಗಾಗಿ ಮಗುವಿಗೆ ಗಿಟಾರ್ ಕೊಡಿಸುವುದಾದರೆ ಅಂಗಡಿಯಲ್ಲೇ ಕೂತು ನುಡಿಸಿ ನೋಡಬೇಕು. ನಮ್ಮ ಬಳೇಪೇಟೆಯಲ್ಲಿ ವೀಣೆ, ತಬಲ, ಹಾರ್ಮೋನಿಯಂ ಕೊಳ್ಳುವವರು ಹೇಗೆ ಗಂಟೆಗಟ್ಟಲೆ ಕೂರುತ್ತಾರೋ ಹಾಗೆ. ವೀಣೆ ಇರುವ ಮನೆಯವರಿಗೆ ಮೇಳ ಕಟ್ಟಿಸುವುದು ಗೊತ್ತು. ಮೇಣದಲ್ಲಿ ಕೂತ 24 ಮೆಟ್ಟಿಲುಗಳನ್ನು ಆಗಾಗ ಬಿಚ್ಚಿ ಮತ್ತೆ ಸ್ವರಸ್ಥಾನಕ್ಕೆ ಕೂರಿಸದಿದ್ದರೆ ಎಂಥ ವೀಣೆಯೂ ಹಾಡುವುದಿಲ್ಲ. ಗಿಟಾರಿನ ಸೆಟಪ್ ಅದೇ ಬಗೆಯ ಆರೈಕೆ. ಕೆಲಸ ಮಾತ್ರ ಬೇರೆ: ಫ್ರೆಟ್‌ಗಳು ಮೇಣದಲ್ಲಿಲ್ಲ, ಕೊರೆದ ಗಾಡಿಯಲ್ಲಿ ಬಿಗಿಯಾಗಿ ಕೂತಿವೆ. ವೀಣೆಯಲ್ಲಿ ಎಷ್ಟೇ ಪಳಗಿದ ಕೈಯಾದರೂ ಗಿಟಾರ್ ಫ್ರೆಟ್ ಕೆಲಸ ಮಾಡಿದ ಅನುಭವ ಇದೆಯೇ ಎಂದು ಕೇಳಿಯೇ ಕೊಡಿ.

ಮರದ ವಿಷಯದಲ್ಲಿ ಒಂದು ಮಾತು. ಹತ್ತು ಹನ್ನೆರಡು ಸಾವಿರದೊಳಗಿನ ಆಮದು ಗಿಟಾರ್‌ಗಳು ಸಾಮಾನ್ಯವಾಗಿ ಪ್ಲೈವುಡ್ ಮೈಯವೇ, ಅದನ್ನು ‘ಲ್ಯಾಮಿನೇಟೆಡ್’ ಎಂದು ಕರೆಯುತ್ತಾರೆ. ‘ಸಾಲಿಡ್ ಟಾಪ್’, ಎಂದರೆ ಮುಂಭಾಗಕ್ಕೆ ಅಖಂಡ ಮರದ ತೆಳು ಹಲಗೆ ಹಾಕಿದ್ದು, ನಾದದಲ್ಲಿ ಮೇಲು. ಆದರೆ ಬೆಂಗಳೂರು 900 ಮೀಟರ್‌ಗೂ ಎತ್ತರದಲ್ಲಿರುವ ಊರು. ಮಳೆಗಾಲದಲ್ಲಿ ಗಾಳಿ ತೇವದಿಂದ ಭಾರ, ಮಾರ್ಚ್ ಮಧ್ಯಾಹ್ನ ತುಟಿ ಒಡೆಯುವಷ್ಟು ಒಣಗು. ಗಿಟಾರಿಗೆ ಹಿತವಾದ ತೇವಾಂಶ ಶೇ 45ರಿಂದ 55. ಒಣಗಿದಾಗ ಮರ ಕುಗ್ಗಿ ಫ್ರೆಟ್‌ಗಳ ತುದಿ ಅಂಚಿನಿಂದ ಹೊರಬಂದು ಕೈ ಕೆರೆಯುತ್ತದೆ, ಅಖಂಡ ಹಲಗೆಯಾದರೆ ಬಿರುಕೂ ಬಿಡುತ್ತದೆ. ಬೇಸಿಗೆಯಲ್ಲಿ ಪೆಟ್ಟಿಗೆಯೊಳಗೆ, ತೂತು ಮಾಡಿದ ಸೋಪಿನ ಡಬ್ಬಿಯಲ್ಲಿ ಹಿಂಡಿದ ಒದ್ದೆ ಸ್ಪಂಜ್ ಇಡುವ ಶಿಸ್ತು ಇದ್ದರೆ ಸಾಲಿಡ್ ಟಾಪ್ ಕೊಳ್ಳಿ. ಮಕ್ಕಳ ಮೊದಲ ಗಿಟಾರಿಗೆ ಪ್ಲೈವುಡ್ ಸಾಕು. ನಾಚಿಕೆಪಡುವಂಥದ್ದು ಏನೂ ಇಲ್ಲ.

‘ಆಮದು’ ಎಂಬ ಮಾತಿನ ಮೋಹವನ್ನೂ ಸ್ವಲ್ಪ ಬಿಡಬೇಕು. 1960ರ ದಶಕದ ಕೊನೆಯಲ್ಲಿ ಬ್ರೆಜಿಲ್ ತನ್ನ ರೋಸ್‌ವುಡ್ ದಿಮ್ಮಿಗಳ ರಫ್ತು ನಿಲ್ಲಿಸಿತು. ಅಮೆರಿಕದ ಹೆಸರಾಂತ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ರೋಸ್‌ವುಡ್‌ಗೆ ತಿರುಗಿತು. ಯಾವುದದು? ನಮ್ಮ ಪಶ್ಚಿಮ ಘಟ್ಟದ ಬೀಟೆ. ಮೈಸೂರಿನ ಕೆತ್ತನೆಯವರು ಚಿತ್ತಾರ ಕೂರಿಸುವ ಅದೇ ಬೀಟೆ. ಇಂಡೊನೇಷ್ಯಾದವರು ‘ಸೋನೊಕೆಲಿಂಗ್’ ಎಂದು ಕರೆದು ಫ್ರೆಟ್‌ಬೋರ್ಡಿಗೆ ಹಾಕುವುದೂ ಇದೇ ಜಾತಿಯ ಮರವನ್ನು. 2017ರ ಜನವರಿಯಲ್ಲಿ ಆ ಇಡೀ ಮರಕುಲದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿಯ ಕಟ್ಟುಪಾಡು ಬಂತು. ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು. ಅದೇ 2019ರಲ್ಲಿ ಜಪಾನಿನ ಯಮಹಾ ಚೆನ್ನೈ ಬಳಿಯ ಕಾರ್ಖಾನೆಯಲ್ಲಿ ಉತ್ಪಾದನೆ ಶುರುಮಾಡಿತು, ಅಲ್ಲಿ ಗಿಟಾರ್‌ಗಳೂ ತಯಾರಾಗುತ್ತವೆ. ಹಾಗಾಗಿ ವಿದೇಶಿ ಹೆಸರು ಕಂಡ ಮಾತ್ರಕ್ಕೆ ಆಮದಿನ ಬೆಲೆ ಕೊಡಬೇಡಿ. ಮೈಯ ರಂಧ್ರದೊಳಗೆ ಅಂಟಿಸಿದ ಚೀಟಿಯಲ್ಲಿ ಎಲ್ಲಿ ಮಾಡಿದ್ದು ಎಂದು ಬರೆದಿರುತ್ತದೆ, ಮೊಬೈಲ್ ಟಾರ್ಚ್ ಹಾಕಿ ಓದಿ.

ಇದಕ್ಕಿಂತ ಮುಖ್ಯವಾದ ಆಯ್ಕೆ ಒಂದಿದೆ: ನೈಲಾನೋ ಸ್ಟೀಲೋ. ನೈಲಾನ್ ತಂತಿಗಳು ಕತ್ತನ್ನು ಸುಮಾರು 40 ಕಿಲೋ ಬಲದಲ್ಲಷ್ಟೇ ಎಳೆಯುತ್ತವೆ, ಬೆರಳಿಗೆ ಮೆದು. ಆದರೆ ಕತ್ತು ಅಗಲ, ನಟ್ ಬಳಿ 52 ಮಿಲಿಮೀಟರ್. ಸ್ಟೀಲಿನದ್ದು 43ರ ಆಸುಪಾಸು. ಪಾಶ್ಚಾತ್ಯ ಶಾಸ್ತ್ರೀಯ ಕಲಿತು ಲಂಡನ್ನಿನ ಟ್ರಿನಿಟಿ ಕಾಲೇಜಿನ ಕ್ಲಾಸಿಕಲ್ ಗಿಟಾರ್ ಪರೀಕ್ಷೆಗೆ ಕೂರುವ ಯೋಚನೆ ಇದ್ದರೆ ನೈಲಾನ್. ಭಾವಗೀತೆ, ಸಿನಿಮಾ ಹಾಡಿಗೆ ಜೊತೆ ಕೊಡಲು ಸ್ಟೀಲ್. ರಾಗ ನುಡಿಸುವ ಆಸೆ ಇದ್ದರೂ ಸ್ಟೀಲೇ, ಏಕೆಂದರೆ ಗಮಕಕ್ಕೆ ತಂತಿ ಎಳೆದಾಗ ಸ್ವರ ಸುಲಭವಾಗಿ ಏರಬೇಕು. ಸ್ಟೀಲಿನಲ್ಲಿ 0.010 ಇಂಚಿನ ತೆಳು ಸೆಟ್ ಹಾಕಿದರೆ ಎಳೆತ 60 ಕಿಲೋ ಆಸುಪಾಸಿಗೆ ಇಳಿಯುತ್ತದೆ, ಬೆರಳಿಗೂ ಹಳೇ ಕತ್ತಿಗೂ ಅದು ದಯೆ. ನೈಲಾನ್ ಗಿಟಾರಿಗೆ ಸ್ಟೀಲ್ ತಂತಿ ಮಾತ್ರ ಎಂದೂ ಹಾಕಬೇಡಿ, ಬ್ರಿಡ್ಜ್ ಕಿತ್ತು ಬರುತ್ತದೆ.

ಹಾಗಾದರೆ ಯಾವುದು? ಮನೆಯಲ್ಲಿ ಹಳೆಯದಿದ್ದು ಕತ್ತು ನೇರವಾಗಿದ್ದರೆ, ನಾಣ್ಯದ ಪರೀಕ್ಷೆಯಲ್ಲಿ ಅಲ್ಪಸ್ವಲ್ಪ ಹೆಚ್ಚಿದ್ದರೂ, ಹೊಸ ತೆಳು ತಂತಿ ಹಾಕಿಸಿ, ನಟ್–ಬ್ರಿಡ್ಜ್ ಸರಿ ಮಾಡಿಸಿ ಅದರಲ್ಲೇ ಕಲಿಯಿರಿ. ಹತ್ತು ಸಾವಿರ ಉಳಿಯುತ್ತದೆ, ಆ ದುಡ್ಡು ಪಾಠಕ್ಕೆ ಆಗುತ್ತದೆ. ಮನೆಯಲ್ಲಿಲ್ಲದ ಹಳೆಯದನ್ನು ಹೊರಗಿನಿಂದ ಕೊಳ್ಳುವುದಾದರೆ ಬಲ್ಲವರನ್ನು ಕರೆದೊಯ್ಯಿರಿ. ಬಲ್ಲವರಿಲ್ಲದಿದ್ದರೆ ಹೊಸದೇ ಕ್ಷೇಮ. ತಾತನ ನೆನಪಿಗೆ ಬೆಲೆ ಕಟ್ಟಲಾಗದು, ನಾನೂ ಒಪ್ಪುತ್ತೇನೆ. ಆದರೆ ಆ ನೆನಪಿನ ಭಾರವನ್ನು ಮಗುವಿನ ಬೆರಳ ಮೇಲೆ ಹಾಕಬಾರದು.

ಚಾಮರಾಜಪೇಟೆಯ ಹುಡುಗಿಗೆ ಹೊಸ ಸ್ಟೀಲ್ ತಂತಿಯ ಗಿಟಾರ್ ಬಂತು, ಪ್ಲೈವುಡ್ಡಿನದೇ. ಅಂಗಡಿಯಲ್ಲಿ ನಟ್ ಸವೆಸಿಸಿ, ತೆಳು ತಂತಿ ಹಾಕಿಸಿದೆವು. ಹದಿನೈದು ದಿನದಲ್ಲಿ ಮೂರು ಕಾರ್ಡ್ ಹಿಡಿದಳು.

ಹಳೆಯದನ್ನು ಎಸೆಯಲು ನಾನು ಬಿಡಲಿಲ್ಲ. ಕತ್ತು ಬಾಗಿದ ಗಿಟಾರಿಗೆ ಇನ್ನೊಂದು ದಾರಿ ಇದೆ, ಅದು ಬಹಳ ಜನಕ್ಕೆ ಗೊತ್ತಿಲ್ಲ. ಹವಾಯಿಯನ್ ಗಿಟಾರ್‌ನಲ್ಲಿ ಫ್ರೆಟ್ ಒತ್ತುವುದೇ ಇಲ್ಲ. ಗೋಟುವಾದ್ಯದಂತೆ ತಂತಿಯ ಮೇಲೆ ಸ್ಟೀಲಿನ ತುಂಡು ಜಾರಿಸುವುದು. ಅಲ್ಲಿ ತಂತಿ ಎತ್ತರ ಇದ್ದಷ್ಟೂ ಒಳ್ಳೆಯದು, ಬಾಗಿದ ಕತ್ತಿನಿಂದ ತೊಂದರೆ ಇಲ್ಲ. ವಿಶ್ವಮೋಹನ ಭಟ್ಟರು ಇಂಥ ಜಾರುಗಿಟಾರನ್ನೇ ಮಾರ್ಪಡಿಸಿ ಮೋಹನ ವೀಣೆ ಮಾಡಿಕೊಂಡು 1994ರಲ್ಲಿ ಗ್ರ್ಯಾಮಿ ಪಡೆದರು. ನಾವು ಮಾಡಿದ್ದು ಇಷ್ಟೇ: ನಟ್ ಮೇಲೆ ಕೂರುವ ಲೋಹದ ಎತ್ತರದ ನಟ್ ಒಂದನ್ನು ಹಾಕಿ, ತೆಳು ತಂತಿ ಕಟ್ಟಿ, ಒಂದು ಸ್ವರ ಇಳಿಸಿ ಶ್ರುತಿ ಮಾಡಿದೆವು.

ಅದನ್ನು ಒಯ್ಯಲು ತಾತನೇ ಬಂದರು. ಎಪ್ಪತ್ತಾರು ವಯಸ್ಸು. ಆಕಾಶವಾಣಿಯಲ್ಲಿ ಹವಾಯಿಯನ್ ಗಿಟಾರ್ ಕೇಳುತ್ತಿದ್ದ ದಿನಗಳನ್ನು ಹೇಳುತ್ತಾ ತೊಡೆಯ ಮೇಲೆ ಮಲಗಿಸಿಕೊಂಡು ಸ್ಟೀಲ್ ಜಾರಿಸಿದರು. ಮೊದಲ ಸಲ ಗಾಂಧಾರ ಸ್ವಲ್ಪ ಮೇಲೆ ಹೋಯಿತು, ಎರಡನೇ ಸಲ ಸರಿಯಾಗಿ ನಿಂತಿತು. “ಮೇಷ್ಟ್ರೇ, ಇದು ಇನ್ನೂ ಮಾತಾಡತ್ತೆ” ಅಂದರು. ತಂತಿ ಬದಲಿಸಲು ಮುಂದಿನ ತಿಂಗಳು ಬರುತ್ತಾರೆ. ಮೂರನೇ ತಂತಿಯ ಬಿರಡೆ ಕೊಂಚ ಸಡಿಲ ಇದೆ, ಅದನ್ನೂ ಆಗಲೇ ನೋಡಬೇಕು.